ಗರ್ಭಿಣಿಯಾಗಿದ್ದಾಗ ತುಂಬಾ ಟೆನ್ಶನ್ ಆದರೆ ಮಗುವಿನ ಮೆದುಳಿಗೆ ತೊಂದರೆ ಆಗುತ್ತಾ?

ಮಳೆಬಿಲ್ಲು ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ನನಗೀಗ ಏಳನೇ ತಿಂಗಳು, ಮೊದಲ ಮಗು. ನಾಲ್ಕನೇ ತಿಂಗಳಲ್ಲಿ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಐಸಿಯುಗೆ ಸೇರಿಸಿದೆವು, ಅದು ಮುಗಿಯುವ ಮೊದಲೇ ನಮ್ಮ ಯಜಮಾನರ ಕೆಲಸ ಹೋಯಿತು. ಅಪ್ಪ ಈಗ ಹುಷಾರಾಗಿದ್ದಾರೆ, ಇವರಿಗೂ ಬೇರೆ ಕೆಲಸ ಸಿಕ್ಕಿದೆ. ಆದರೆ ಆ ಹೊತ್ತಿನಲ್ಲಿ ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ, ಫೋನ್ ರಿಂಗಾದರೆ ಸಾಕು ಎದೆ ಡವಡವ ಅನ್ನುತ್ತಿತ್ತು. ಮೊನ್ನೆ ನೆಂಟರೊಬ್ಬರು ಬಂದವರು "ಅಷ್ಟೊಂದು ಅತ್ತಿದ್ದೀಯಲ್ಲ, ಅದೆಲ್ಲ ಮಗುವಿನ ತಲೆಗೆ ಹೋಗಿರುತ್ತದೆ" ಅಂದುಬಿಟ್ಟರು.

ಅವತ್ತಿನಿಂದ ನೆಮ್ಮದಿ ಇಲ್ಲ. ರಾತ್ರಿ ಹುಡುಕಿದರೆ ಕಾರ್ಟಿಸಾಲ್ (ಟೆನ್ಶನ್ ಆದಾಗ ಏರುವ ಹಾರ್ಮೋನು), ಎಡಿಎಚ್‌ಡಿ (ಮಕ್ಕಳಿಗೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಮೆದುಳು ಸಣ್ಣದಾಗುತ್ತದೆ, ಹೀಗೇ ಏನೇನೋ ಬರುತ್ತದೆ. ಸ್ಕ್ಯಾನ್ ರಿಪೋರ್ಟ್ ಎಲ್ಲ ನಾರ್ಮಲ್ ಇದೆ. ನನಗೆ ತಿಳಿಯಬೇಕಾಗಿರುವುದು ಇಷ್ಟೇ. ನನ್ನ ಕಾರ್ಟಿಸಾಲ್ ನಿಜವಾಗಿಯೂ ಮಗುವಿಗೆ ಹೋಗುತ್ತಾ? ಆಗಿದ್ದು ಆಗಿಹೋಯಿತಾ, ಈಗ ಮಾಡುವಂಥದ್ದು ಏನಾದರೂ ಉಳಿದಿದೆಯಾ? ದಯವಿಟ್ಟು "ಟೆನ್ಶನ್ ಮಾಡ್ಕೋಬೇಡಿ" ಅಂತ ಮಾತ್ರ ಬರೆಯಬೇಡಿ, ಅದನ್ನು ಕೇಳಿ ಕೇಳಿ ಸಾಕಾಗಿದೆ.

ನರತಂತು ಬರೆದದ್ದು:

ಮೆದುಳಿನ ಬೆಳವಣಿಗೆಯೇ ನಾನು ಓದುತ್ತಿರುವ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಾರ್ಟಿಸಾಲ್. ಬಸಿರಿನಲ್ಲಿ ಅದು ಹೇಗಿದ್ದರೂ ಏರುತ್ತದೆ. ಕೊನೆಯ ತಿಂಗಳುಗಳಲ್ಲಿ, ಒಂದಿಷ್ಟೂ ಚಿಂತೆ ಇಲ್ಲದ ತಾಯಿಯ ರಕ್ತದಲ್ಲೂ ಮಾಮೂಲಿಗಿಂತ ಎರಡು ಮೂರು ಪಟ್ಟು ಇರುತ್ತದೆ. ಅದು ವಿಷ ಅಲ್ಲ, ಮಗುವಿನ ಶ್ವಾಸಕೋಶ ಬಲಿಯುವುದಕ್ಕೆ ಆ ಹಾರ್ಮೋನು ಬೇಕೇ ಬೇಕು. ನಿಮ್ಮ ರಕ್ತದಲ್ಲಿರುವುದೆಲ್ಲ ಹಾಗೆಹಾಗೇ ಮಗುವಿಗೆ ಹೋಗುವುದೂ ಇಲ್ಲ. ಪ್ಲಾಸೆಂಟಾದಲ್ಲಿ, ಅಂದರೆ ಮಾಸಿನಲ್ಲಿ, ಒಂದು ಕಿಣ್ವ ಇದೆ (ಹೆಸರು 11-ಬೀಟಾ-ಎಚ್‌ಎಸ್‌ಡಿ-2). ಅದು ಕಾರ್ಟಿಸಾಲ್‌ನ ಬಹುಪಾಲನ್ನು ಕಾರ್ಟಿಸೋನ್ ಎಂಬ ನಿಷ್ಕ್ರಿಯ ರೂಪಕ್ಕೆ ಬದಲಿಸಿಬಿಡುತ್ತದೆ, ಸ್ವಲ್ಪ ಭಾಗ ಮಾತ್ರ ದಾಟುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೋಗುತ್ತದೆ, ಆದರೆ ಕಡಿಮೆ. ತಾಯಿಗೆ ಆತಂಕ ತುಂಬಾ ಜಾಸ್ತಿ ಇದ್ದಾಗ ಮಾಸಿನಲ್ಲಿ ಈ ಕಿಣ್ವವೂ ಕಡಿಮೆಯಾಗಿರುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ವಿಜ್ಞಾನಿಗಳು ಇದರ ಹಿಂದೆ ಬಿದ್ದಿರುವುದಕ್ಕೆ ಅದೂ ಒಂದು ಕಾರಣ.

ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮೆದುಳಿನ ಹಿಪೊಕ್ಯಾಂಪಸ್, ಅಮಿಗ್ಡಲಾದಂಥ ಭಾಗಗಳಲ್ಲಿ ಜಾಸ್ತಿ. ಒಂದು ನೆನಪಿಗೆ ಸಂಬಂಧಿಸಿದ್ದು, ಇನ್ನೊಂದು ಭಯ ಮತ್ತು ಎಚ್ಚರಕ್ಕೆ. 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬಸಿರಿನ ಮೊದಲ ಭಾಗದಲ್ಲಿ ತಾಯಿಯ ಕಾರ್ಟಿಸಾಲ್ ಹೆಚ್ಚಿದ್ದಾಗ ಹೆಣ್ಣುಮಕ್ಕಳಿಗೆ ಏಳು ವರ್ಷದ ಹೊತ್ತಿಗೆ ಬಲಗಡೆಯ ಅಮಿಗ್ಡಲಾ ಸ್ವಲ್ಪ ದೊಡ್ಡದಾಗಿತ್ತು, ಗಂಡುಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ಅಂದರೆ ವ್ಯತ್ಯಾಸ ಇರಬಹುದು, ಆದರೆ ಅದು "ಮೆದುಳು ಹಾಳಾಯಿತು" ಅನ್ನುವಂಥದ್ದಲ್ಲ.

ಇನ್ನೊಂದು ಹೆಸರಾದ ಅಧ್ಯಯನ ಕೆನಡಾದ ಕ್ವಿಬೆಕ್‌ನದು. 1998ರ ಜನವರಿಯಲ್ಲಿ ಅಲ್ಲಿ ಹಿಮಮಳೆ ಬಿದ್ದು ಲಕ್ಷಾಂತರ ಜನಕ್ಕೆ ಕರೆಂಟ್ ಹೋಯಿತು, ಕೆಲವರಿಗೆ ವಾರಗಟ್ಟಲೆ, ಅದೂ ಆ ಚಳಿಯಲ್ಲಿ. ಸುಝಾನ್ ಕಿಂಗ್ ಮತ್ತು ಅವರ ತಂಡ ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿತು. ಯಾರ ಮನೆಗೆ ಎಷ್ಟು ಕಷ್ಟ ಅನ್ನುವುದು ಆ ಹಿಮಮಳೆಯ ಮೇಲೆ ಬಿಟ್ಟದ್ದು, ತಾಯಿಯ ಸ್ವಭಾವದ ಮೇಲಲ್ಲ. ಹೆಚ್ಚು ಕಷ್ಟಪಟ್ಟವರ ಮಕ್ಕಳ ಭಾಷೆ ಮತ್ತು ಬುದ್ಧಿಯ ಅಂಕಗಳು ಎರಡು ವರ್ಷದಲ್ಲೂ ಐದೂವರೆ ವರ್ಷದಲ್ಲೂ ಸರಾಸರಿಯಲ್ಲಿ ಕಡಿಮೆ ಇದ್ದವು. ಸರಾಸರಿಯಲ್ಲಿ, ಅದನ್ನು ಗಮನಿಸಿ.

ಎಲ್ಲಕ್ಕಿಂತ ನೀವು ನೆನಪಿಡಬೇಕಾದ್ದು ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಸಾವಿರಾರು ತಾಯಂದಿರ ಮೇಲೆ ನಡೆದದ್ದು. ಅತಿ ಹೆಚ್ಚು ಆತಂಕ ಇದ್ದ 15% ತಾಯಂದಿರ ಮಕ್ಕಳಲ್ಲಿ ನಡವಳಿಕೆ, ಭಾವನೆಗಳ ತೊಂದರೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. "ಎರಡು ಪಟ್ಟು" ಅಂದರೆ ಎದೆ ಧಸಕ್ಕೆನ್ನುತ್ತದೆ ಅಲ್ವಾ? ಆದರೆ ಅದು ಸುಮಾರು 6%ನಿಂದ ಸುಮಾರು 12%ಗೆ ಏರಿದ್ದು. ಅತಿ ಹೆಚ್ಚು ಆತಂಕದ ಗುಂಪಿನಲ್ಲೂ ಹತ್ತರಲ್ಲಿ ಒಂಬತ್ತರ ಹತ್ತಿರ ಮಕ್ಕಳಿಗೆ ಆ ತೊಂದರೆ ಇರಲಿಲ್ಲ. ನೀವು ರಾತ್ರಿ ಓದಿದ ಬರಹಗಳಲ್ಲಿ ಈ ಎರಡನೇ ಅರ್ಧ ಇರಲಿಲ್ಲ ಅನ್ನಿಸುತ್ತದೆ.

ಅಂಕಿಅಂಶ ಬರೆದದ್ದು:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಆತಂಕ ಜಾಸ್ತಿ ಇರುವ ತಾಯಿ ಮಗುವಿಗೆ ಹಾರ್ಮೋನು ಮಾತ್ರ ಕೊಡುವುದಿಲ್ಲ, ತನ್ನ ಜೀನ್‌ಗಳನ್ನೂ ಕೊಡುತ್ತಾಳೆ. ಹೆರಿಗೆಯಾದ ಮೇಲೂ ಅದೇ ಮನೆ, ಅದೇ ಕಷ್ಟ ಇರುತ್ತದೆ. ಇವುಗಳನ್ನು ಬೇರೆ ಮಾಡುವುದು ಹೇಗೆ?

ಕಾರ್ಡಿಫ್‌ನಲ್ಲಿ ಫ್ರಾನ್ಸಿಸ್ ರೈಸ್, ಅನಿತಾ ಥಾಪರ್ ಮತ್ತಿತರರು ಇದಕ್ಕೊಂದು ಜಾಣ ದಾರಿ ಹುಡುಕಿದರು. ಐವಿಎಫ್‌ನಿಂದ ಹುಟ್ಟಿದ ಮಕ್ಕಳಲ್ಲಿ ಕೆಲವರು ಹೊತ್ತ ತಾಯಿಯ ಸ್ವಂತ ಅಂಡದವರು, ಕೆಲವರು ಬೇರೆಯವರು ದಾನ ಕೊಟ್ಟ ಅಂಡದವರು. ಎರಡೂ ಗುಂಪನ್ನು ಹೋಲಿಸಿದಾಗ, ಬಸಿರಿನ ಸ್ಟ್ರೆಸ್‌ಗೂ ಮಗುವಿನ ಎಡಿಎಚ್‌ಡಿ ಲಕ್ಷಣಗಳಿಗೂ ಇದ್ದ ನಂಟು ಜೀನ್ ಹಂಚಿಕೊಂಡ ಜೋಡಿಗಳಲ್ಲಿ ಮಾತ್ರ ಕಂಡಿತು. ಅಂದರೆ ಅದರಲ್ಲಿ ದೊಡ್ಡ ಪಾಲು ಆನುವಂಶಿಕ. ಆದರೆ ಹುಟ್ಟಿದ ತೂಕ, ಹಟಮಾರಿ ಜಗಳಗಂಟ ನಡವಳಿಕೆಯಂಥವು ಎರಡೂ ಗುಂಪಿನಲ್ಲಿ ಕಂಡವು. ಹಾಗಾಗಿ ಏನೂ ಇಲ್ಲ ಅನ್ನುವುದೂ ತಪ್ಪು.

ಇನ್ನೊಂದು. ಅಮೆರಿಕದ ಜಾನೆಟ್ ಡಿಪಿಯೆಟ್ರೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ತಾಯಂದಿರಿಗೆ ಬಸಿರಿನಲ್ಲಿ ಸಣ್ಣ ಅಥವಾ ಮಧ್ಯಮ ಮಟ್ಟದ ಆತಂಕ ಇದ್ದಾಗ ಎರಡು ವರ್ಷದ ಮಕ್ಕಳ ಬೆಳವಣಿಗೆ ಸ್ವಲ್ಪ ಮುಂದೆಯೇ ಇತ್ತು! ಎಲ್ಲ ಸ್ಟ್ರೆಸ್ ಒಂದೇ ಅಲ್ಲ. ಅಪ್ಪನಿಗಾಗಿ ಅತ್ತ ಮಗಳಿಗೆ "ಮಗುವಿನ ತಲೆ ಕೆಡಿಸಿದೆ" ಅನ್ನುವುದಕ್ಕೆ ಈ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಆ ಮಾತಿಗೆ ನನಗೆ ನಿಜವಾಗಿಯೂ ಸಿಟ್ಟು ಬಂತು.

ತೊಟ್ಟಿಲು ಬರೆದದ್ದು:

ಮಳೆಬಿಲ್ಲು ಅವರೇ, ನಾನು ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯದ ಆಪ್ತ ಸಮಾಲೋಚಕಿ. ಈಗ ಮಾಡುವಂಥದ್ದು ಉಳಿದಿದೆಯಾ ಅಂತ ಕೇಳಿದ್ದೀರಿ. ಬೇಕಾದಷ್ಟಿದೆ. ನರಕೋಶಗಳು ಬಹುಮಟ್ಟಿಗೆ ಬಸಿರಿನ ಮಧ್ಯದೊಳಗೆ ಹುಟ್ಟಿಕೊಂಡರೂ ಅವುಗಳ ನಡುವಿನ ಸಂಪರ್ಕಗಳು ಈ ಕೊನೆಯ ತಿಂಗಳುಗಳಲ್ಲಿ ಮತ್ತು ಹುಟ್ಟಿದ ಮೇಲೆ ವರ್ಷಗಟ್ಟಲೆ ಬೆಳೆಯುತ್ತವೆ. 2010ರ ಒಂದು ಅಧ್ಯಯನದಲ್ಲಿ ಗರ್ಭದ ನೀರಿನಲ್ಲಿ ಕಾರ್ಟಿಸಾಲ್ ಅಳೆದು, ಆಮೇಲೆ ಒಂದೂವರೆ ವರ್ಷದ ಆಸುಪಾಸಿನಲ್ಲಿ ಮಕ್ಕಳನ್ನು ನೋಡಿದರು. ಕಾರ್ಟಿಸಾಲ್ ಜಾಸ್ತಿ ಇದ್ದಷ್ಟೂ ಬುದ್ಧಿಯ ಬೆಳವಣಿಗೆಯ ಅಂಕ ಕಡಿಮೆ ಅನ್ನುವ ನಂಟು ತಾಯಿಯ ಜೊತೆ ಭದ್ರವಾದ ಒಡನಾಟ ಇಲ್ಲದ ಮಕ್ಕಳಲ್ಲಿ ಕಂಡಿತು, ಆ ಒಡನಾಟ ಇದ್ದ ಮಕ್ಕಳಲ್ಲಿ ಕಾಣಲಿಲ್ಲ. ಅತ್ತಾಗ ಯಾರಾದರೂ ಎತ್ತಿಕೊಳ್ಳುತ್ತಾರೆ ಅಂತ ಮಗುವಿಗೆ ನಂಬಿಕೆ ಬರುವುದು, ಅಷ್ಟೇ ಅದು. ಅಪ್ಪನೂ ಕೊಡಬಹುದು, ಅಜ್ಜಿಯೂ ಕೊಡಬಹುದು.

ಆದರೆ ನನ್ನ ಚಿಂತೆ ನಿಮ್ಮ ಬಗ್ಗೆ. ಎಲ್ಲರೂ ಮಗುವಿನ ಮೆದುಳನ್ನೇ ಕೇಳುತ್ತಿದ್ದಾರೆ. ನೀವು ಹೇಗಿದ್ದೀರಿ? ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಗರ್ಭಿಣಿಯರಲ್ಲಿ ಸುಮಾರು 10% ಜನಕ್ಕೆ ಮಾನಸಿಕ ತೊಂದರೆ ಇರುತ್ತದೆ, ಹೆಚ್ಚಿನದು ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆ ಕೆಲಸ ಮಾಡುತ್ತದೆ, ಬೇಕಾದರೆ ಬಸಿರಿನಲ್ಲಿ ಕೊಡಬಹುದಾದ ಮಾತ್ರೆಗಳೂ ಇವೆ. (ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಬೇಡಿ.) ಬದುಕೇ ಬೇಡ ಅನ್ನಿಸಿದರೆ ಮುಂದಿನ ಚೆಕಪ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮಳೆಬಿಲ್ಲು ಬರೆದದ್ದು:

ಓದುತ್ತಾ ಅತ್ತೆ, ಆದರೆ ಈ ಸಲ ಹಗುರ ಅನ್ನಿಸಿತು. 6%, 12% ಲೆಕ್ಕವನ್ನು ಇವರಿಗೂ ಓದಿಸಿದೆ. ತೊಟ್ಟಿಲು ಅಕ್ಕ, ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಎಲ್ಲ ಸರಿಹೋದ ಮೇಲೂ ಬೆಳಗಿನ ಜಾವ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸುತ್ತದೆ. ಸಾಯುವ ಯೋಚನೆ ಎಲ್ಲ ಇಲ್ಲ. ಇದನ್ನು ಹೆರಿಗೆ ಡಾಕ್ಟರ ಹತ್ತಿರ ಹೇಳಬಹುದಾ? ಅಲ್ಲಿ ಯಾವಾಗಲೂ ಅವಸರ, ಎರಡು ನಿಮಿಷದಲ್ಲಿ ಮುಗಿಸುತ್ತಾರೆ.

ತೊಟ್ಟಿಲು ಬರೆದದ್ದು:

ಖಂಡಿತ ಹೇಳಬೇಕು. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ನೀವು ಇಲ್ಲಿ ಬರೆದ ಇದೇ ಮಾತುಗಳು ಸಾಕು, ಎಷ್ಟು ವಾರದಿಂದ ಹೀಗಿದೆ ಅಂತಲೂ ಸೇರಿಸಿ. ಒಳಗೆ ಹೋದ ತಕ್ಷಣ ಅದನ್ನೇ ಮೊದಲು ಕೊಡಿ. "ಎಡಿನ್‌ಬರ್ಗ್ ಪ್ರಶ್ನಾವಳಿ ಮಾಡಿ ನೋಡುತ್ತೀರಾ" ಅಂತ ಕೇಳಿ. ಖಿನ್ನತೆ ಇರಬಹುದಾ ಅಂತ ನೋಡುವ ಹತ್ತೇ ಪ್ರಶ್ನೆ, ಹೊರಗೆ ಕಾಯುವಾಗಲೇ ತುಂಬಬಹುದು. ಬಾಣಂತಿಯರಿಗೆ ಅಂತ ಮಾಡಿದ್ದಾದರೂ ಬಸುರಿಯರಿಗೂ ಬಳಸುತ್ತಾರೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ರಿಪೋರ್ಟ್ ಹಳೆಯದಾಗಿದ್ದರೆ ಮತ್ತೆ ಮಾಡಿಸಬೇಕಾ ಅಂತಲೂ ಕೇಳಿ, ಏಕೆಂದರೆ ಎದೆ ಡವಡವ, ಸುಸ್ತು, ನಿದ್ದೆಗೇಡು ಅವುಗಳಿಂದಲೂ ಬರುತ್ತವೆ. ಯಜಮಾನರನ್ನೂ ಒಳಗೆ ಕರೆದುಕೊಂಡು ಹೋಗಿ, ನಿಮಗೆ ಗಂಟಲು ಕಟ್ಟಿದರೆ ಅವರು ಹೇಳುತ್ತಾರೆ.