ಸಹಾಯ ಬೇಕು: ಅಜ್ಜಿಯ ಗೊಗ್ಗರು ದನಿಗೆ ಇಂಗ್ಲಿಷಿನಲ್ಲಿ ಯಾವ ಪದ?

ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜಿಯ ಕುರಿತು ಕನ್ನಡದಲ್ಲಿ ಬರೆದಿದ್ದ ಬರಹವೊಂದನ್ನು, ಕನ್ನಡ ಓದಲು ಬಾರದ ನನ್ನ ಮಕ್ಕಳಿಗಾಗಿ ಇಂಗ್ಲಿಷಿಗೆ ಅನುವಾದಿಸುತ್ತಿದ್ದು, ಅವರ ದನಿಯನ್ನು ವರ್ಣಿಸುವಲ್ಲಿ ನಿಂತುಬಿಟ್ಟಿದ್ದೇನೆ. ನಸುಕಿನಲ್ಲಿ ಒಲೆ ಊದುತ್ತಲೇ ನಮ್ಮನ್ನು ಕೂಗಿ ಎಬ್ಬಿಸುತ್ತಿದ್ದ ಅವರದು ತುಸು ಗೊಗ್ಗರು ದನಿ; ಒರಟಾಗಿದ್ದರೂ ಅದರಲ್ಲಿ ಅಕ್ಕರೆಯಿತ್ತು. ‘ಹೋರ್ಸ್’ ಎಂದರೆ ನೆಗಡಿಯಿಂದಲೋ ಕೂಗಾಟದಿಂದಲೋ ಗಂಟಲು ಕಟ್ಟಿದೆ ಎಂದಾಗುತ್ತದೆ. ‘ಗ್ರಫ್’ ಎಂಬುದರಲ್ಲಿ ಸಿಡುಕಿನ ಛಾಯೆಯಿದೆ. ‘ಹಸ್ಕಿ’ ಎಂಬುದನ್ನು ಹೆಚ್ಚಾಗಿ ಮೋಹಕವಾದ ದನಿಗೆ ಬಳಸುವುದರಿಂದ ಅಜ್ಜಿಗೆ ಹೊಂದುವುದಿಲ್ಲ. ‘ಗ್ರಾವೆಲಿ’ ಸಮೀಪವೆನಿಸಿದರೂ ಗಂಡಸರ ದಪ್ಪ ದನಿಯನ್ನೇ ನೆನಪಿಸುತ್ತದೆ. ‘ರಾಸ್ಪಿ’ ಎಂದು ಬರೆದು ಪಕ್ಕದಲ್ಲಿ ‘ವಾರ್ಮ್’ ಎಂದು ಸೇರಿಸಿದರೆ ಸಹಜವಾಗಿ ಕೇಳಿಸುವುದೇ? ಬಲ್ಲವರು ದಯವಿಟ್ಟು ಒಂದೆರಡು ವಾಕ್ಯಗಳಲ್ಲಿ ಬಳಸಿ ತೋರಿಸಬೇಕೆಂದು ಕೋರುತ್ತೇನೆ.