ಒಂದೇ ದಿನ ಎರಡು ಲ್ಯಾಬ್, ಎರಡು ಐಎನ್‌ಆರ್. ಯಾವುದನ್ನು ನಂಬುವುದು?

ಮಲೆನಾಡಿಗ: ಅಮ್ಮನಿಗೆ ಹೃದಯದ ವಾಲ್ವ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಮಾತ್ರೆ ನಡೀತಿದೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತೆ ಅಂತ ತೋರಿಸುವ ಐಎನ್‌ಆರ್ ಒಂದು ಲ್ಯಾಬ್‌ನಲ್ಲಿ 2.4 ಬಂತು, ಇನ್ನೊಂದರಲ್ಲಿ 3.1. ಎಲ್ಲಾ ಕಡೆ ಒಂದೇ ಥರ ಬರಲಿ ಅಂತಾನೇ ಅಲ್ವಾ ಐಎನ್‌ಆರ್ ಇರುವುದು?

ಲ್ಯಾಬ್‌ಮೇಟು: ಹೌದು, 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದಿದ್ದೇ ಅದಕ್ಕೆ. ಆದರೆ ಲೆಕ್ಕಕ್ಕೆ ಎರಡು ಅಂಕಿ ಬೇಕು: ಥ್ರಾಂಬೋಪ್ಲಾಸ್ಟಿನ್ ರೀಏಜೆಂಟ್‌ನ (ಪರೀಕ್ಷೆಯಲ್ಲಿ ಹೆಪ್ಪುಗಟ್ಟಿಸಲು ಬೆರೆಸುವ ದ್ರವ) ಐಎಸ್‌ಐ, ಅಂದರೆ ಅದು ಎಷ್ಟು ಸೂಕ್ಷ್ಮ ಅಂತ ಹೇಳುವ ಅಂಕಿ, ಮತ್ತೆ ಕನಿಷ್ಠ 20 ಆರೋಗ್ಯವಂತರ ರಕ್ತದಿಂದ ಆ ಲ್ಯಾಬೇ ತೆಗೆದ ನಾರ್ಮಲ್ ಪಿಟಿ (ಹೆಪ್ಪುಗಟ್ಟಲು ಹಿಡಿಯುವ ಸಮಯ) ಸರಾಸರಿ. ರೀಏಜೆಂಟ್‌ನ ಹೊಸ ಲಾಟ್ (ಬ್ಯಾಚ್) ಬಂದಾಗ ಹಳೆಯ ಅಂಕಿಯನ್ನೇ ಮೆಷಿನ್‌ನಲ್ಲಿ ಸುಮ್ನೆ ಬಿಟ್ಟರೆ ಲೆಕ್ಕ ಕೆಟ್ಟಿತು. ಐಎಸ್‌ಐ 1ರ ಹತ್ತಿರ ಇದ್ದರೆ ಒಳ್ಳೆಯದು. 2 ಇದ್ದರೆ ಪಿಟಿಯಲ್ಲಾದ ಚಿಕ್ಕ ತಪ್ಪು ಐಎನ್‌ಆರ್‌ನಲ್ಲಿ ಸುಮಾರು ದುಪ್ಪಟ್ಟಾಗುತ್ತದೆ.

ನೀಲಿಮುಚ್ಚಳ: ಟ್ಯೂಬನ್ನೂ ನೋಡಿ ಸ್ವಾಮಿ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ (ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇರಬೇಕು. ರಕ್ತ ಕಡಿಮೆ ತುಂಬಿದರೆ ಐಎನ್‌ಆರ್ ಸುಳ್ಳೇ ಏರುತ್ತದೆ. ಗೆರೆವರೆಗೆ ತುಂಬದ ಟ್ಯೂಬನ್ನು ವಾಪಸ್ ಕಳಿಸುವ ಲ್ಯಾಬೇ ನನ್ನ ಪ್ರಕಾರ ಒಳ್ಳೆಯ ಲ್ಯಾಬ್, ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳುವವರು ಬೈದುಕೊಂಡರೂ ಪರವಾಗಿಲ್ಲ.

ಮಲೆನಾಡಿಗ: ಸರಿ, ಲ್ಯಾಬ್‌ನವರನ್ನು ಏನು ಕೇಳಲಿ?

ಲ್ಯಾಬ್‌ಮೇಟು: ವೆಲ್ಲೂರಿನ ಸಿಎಂಸಿ ಆಸ್ಪತ್ರೆ ನಡೆಸುವಂಥ ಹೊರಗಿನ ಗುಣಮಟ್ಟ ತಪಾಸಣೆಗೆ ಸೇರಿದ್ದೀರಾ ಅಂತ ಕೇಳಿ. ಅಲ್ಲಿ ಒಂದೇ ಸ್ಯಾಂಪಲನ್ನು ಎಲ್ಲಾ ಲ್ಯಾಬ್‌ಗಳಿಗೂ ಕಳಿಸಿ ಹೋಲಿಸುತ್ತಾರೆ. ಇನ್ಮುಂದೆ ಒಂದೇ ಲ್ಯಾಬಿಗೆ ಹೋಗಿ. ಡಾಕ್ಟರನ್ನು ಕೇಳದೆ ಡೋಸ್ ಮುಟ್ಟಬೇಡಿ.