ಸಹಾಯ ಬೇಕು: ನಮ್ಮ ಬೀದೀಲಿ ಕಾವಲು ಗುಂಪು ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಮೈಸೂರಲ್ಲಿ, ಹೊಸ ಲೇಔಟು, ಅರ್ಧ ಸೈಟು ಖಾಲಿ, ಎರಡು ಬೀದಿ ದೀಪ ಉರಿಯಲ್ಲ. ಹೋದ ತಿಂಗಳು ಪಕ್ಕದ ಮನೆಯೋರು ಮದುವೆಗೆ ಊರಿಗೆ ಹೋಗಿದ್ದಾಗ ಬೀಗ ಒಡೆದು ಒಡವೆ ಹೊತ್ಕೊಂಡ್ ಹೋದ್ರು, ನಮಗೆ ಅವರು ಊರಲ್ಲಿಲ್ಲ ಅನ್ನೋದೇ ಗೊತ್ತಿರ್ಲಿಲ್ಲ, ಅದೇ ನಂಗೆ ತುಂಬಾ ಬೇಜಾರಾಗಿರೋದು.

ಈಗ ಇಪ್ಪತ್ತು ಮನೆಯೋರು ಸೇರಿ ಏನಾದ್ರೂ ಮಾಡೋಣ ಅಂತಿದೀವಿ. ಊರಿಗೆ ಹೋಗೋರು ಪಕ್ಕದವ್ರಿಗೂ ಸ್ಟೇಷನ್ನಿಗೂ ಹೇಳಿ ಹೋಗೋದು, ಬಾಗ್ಲಲ್ಲಿ ಪೇಪರ್, ಹಾಲು ಬಿದ್ದಿರದ ಹಾಗೆ ನೋಡ್ಕೊಳ್ಳೋದು, ಅನುಮಾನ ಬಂದ್ರೆ 112ಕ್ಕೆ ಫೋನ್ ಮಾಡೋದು, ಇಷ್ಟು ಒಪ್ಕೊಂಡಿದೀವಿ.

ನಿಮ್ಮ ಕಡೆ ಮಾಡಿರೋರು ದಯವಿಟ್ಟು ಹೇಳಿ, ಬೀಟ್ ಪೊಲೀಸರನ್ನ ಮೀಟಿಂಗಿಗೆ ಕರೆಯೋದು ಹೇಗೆ, ಕ್ಯಾಮೆರಾ ದುಡ್ಡು ಹೆಂಗೆ ಹಂಚ್ಕೊಂಡ್ರಿ?

ಇನ್ನೊಂದು ಭಯ ಇದೆ. 2018ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅನ್ನೋ ವದಂತಿ ನಂಬಿ ಕೆಲಸ ಹುಡ್ಕೊಂಡು ಬಂದಿದ್ದ ಪಾಪದವನನ್ನ ಹೊಡೆದು ಸಾಯಿಸಿದ್ರಲ್ಲ, ಹಂಗೆ ನಮ್ಮ ವಾಟ್ಸಾಪ್ ಗ್ರೂಪು ತಳ್ಳೋಗಾಡಿಯವ್ರು, ಡೆಲಿವರಿ ಹುಡುಗರ ಫೋಟೋ ಹಾಕಿ ಅನುಮಾನ ಪಡೋ ಜಾಗ ಆಗ್ಬಾರ್ದು. ಗ್ರೂಪಿಗೆ ನೀವು ಏನು ರೂಲ್ಸ್ ಇಟ್ಟಿದೀರ, ಅದನ್ನೂ ಬರೀರಿ, ಭಾನುವಾರ ಮೀಟಿಂಗ್ ಇದೆ.